ಆರ್‌ಎಕ್ಸ್ 100: ಒಂದು ವಂಶಾವಳಿ

ಕಳೆದ ರಜೆಯಲ್ಲಿ ಊರಿಗೆ ಹೋದವನು ಮದುವೆ, ನಾಮಕರಣ, ದೇವರ ದರ್ಶನಗಳನ್ನೆಲ್ಲ ಮನೆಯವರ ಪಾಲಿಗೆ ಬಿಟ್ಟು, ಮೈಸೂರಿನ ಗೆಳೆಯನೊಬ್ಬನ ಹಿತ್ತಲಿನ ಶೆಡ್ಡಿನಲ್ಲಿ ಐದು ವಾರ ಕೈ ಮಸಿ ಮಾಡಿಕೊಂಡು ಕೂತಿದ್ದನೆಂಬ ಸುದ್ದಿ ದಹ್ರಾನಿನಿಂದ ಅಲ್ ಖೋಬರ್, ದಮ್ಮಾಮಿನವರೆಗೂ ಹಬ್ಬಿದೆ. ಸುದ್ದಿ ನಿಜ. ಅದನ್ನು ಹಬ್ಬಿಸಿದವರು ಯಾರೆಂಬುದೂ ನನಗೆ ಗೊತ್ತು. ಅವರ ಕೈಯಡುಗೆಯನ್ನು ದಿನವೂ ಉಣ್ಣುವವನಾದ್ದರಿಂದ ಹೆಚ್ಚು ಹೇಳಲಾರೆ. ಸಂಪಾದಕರು "ಹಾಗಾದರೆ ಅದನ್ನೇ ಬರೆದುಕೊಡಿ" ಎಂದರು. ಬರೆಯಲು ಕೂತಾಗ ಗಾಡಿಯ ರಿಪೇರಿಗಿಂತ ಅದರ ಪೂರ್ವೋತ್ತರವೇ ಹೆಚ್ಚು ಸ್ವಾರಸ್ಯವೆನಿಸಿತು. ಆದ್ದರಿಂದ ಇದನ್ನು ಇತಿಹಾಸದ ಲೇಖನವೆಂದೇ ಓದಬೇಕಾಗಿ ಸದಸ್ಯ ಬಾಂಧವರಲ್ಲಿ ಕೋರಿಕೆ.

ಗಾಡಿ 1987ರ ಯಮಾಹಾ ಆರ್‌ಎಕ್ಸ್ 100. ಐವತ್ತು ದಾಟಿದ ನಮ್ಮ ಹಿರಿಯ ಸದಸ್ಯರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಮೈಸೂರು, ದಾವಣಗೆರೆ, ಮಣಿಪಾಲಗಳಲ್ಲಿ ಎಂಜಿನಿಯರಿಂಗ್ ಓದಿದವರಲ್ಲಿ ಈ ಹೆಸರು ಕೇಳಿದೊಡನೆ ಮುಖ ಅರಳದವರು ಕಡಿಮೆ. ಮಕ್ಕಳಿಗಾಗಿ ಎರಡು ಮಾತು: 98 ಸಿಸಿ ಎಂಜಿನು, ಎರಡು ಸ್ಟ್ರೋಕು, 11 ಅಶ್ವಶಕ್ತಿ, ನಾಲ್ಕು ಗೇರು, ತೂಕ ನೂರು ಕಿಲೋ ಆಸುಪಾಸು. ಅಂಥ ಸಣ್ಣ ಗಾಡಿ ತನ್ನ ಎರಡೂವರೆ ಪಟ್ಟು ದೊಡ್ಡ ಎಂಜಿನಿನ ಗಾಡಿಗಳನ್ನು ಸಿಗ್ನಲ್ಲಿನಲ್ಲಿ ಹಿಂದೆ ಹಾಕಿ ಹೋಗುತ್ತಿತ್ತು. 1985ರಲ್ಲಿ ಬಂದದ್ದು 1996ರಲ್ಲಿ ನಿಂತಿತು. ಇಂದು ಚೆನ್ನಾಗಿರುವ ಒಂದಕ್ಕೆ ಹೊಸ ಬೈಕಿಗಿಂತ ಹೆಚ್ಚು ಬೆಲೆ ಕೇಳುವವರಿದ್ದಾರೆ.

ಶೆಡ್ಡಿನಲ್ಲಿ ಮೊದಲ ದಿನವೇ ನಮ್ಮಿಬ್ಬರಿಗೂ ಜಗಳ ಬಿತ್ತು. ಗೆಳೆಯನಿಗೆ ಹಿಂದಿನ ಮಡ್‌ಗಾರ್ಡು ಕತ್ತರಿಸಿ, ಹ್ಯಾಂಡಲ್ ತಗ್ಗಿಸಿ, ಒಂಟಿ ಸೀಟು ಕೂರಿಸಿ, ರೇಸಿನ ಗಾಡಿಯಂತೆ ಮಾಡುವ ಆಸೆ. ನನ್ನದು, ಅದು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ನಿಲ್ಲಿಸಬೇಕೆಂಬ ಹಟ. "ಲೋ ಡಾಕ್ಟ್ರೇ, ಮೂಲ ಮೂಲ ಅಂತೀಯಲ್ಲ, ಯಾವುದೋ ಅದರ ಮೂಲ?" ಎಂದ. ಕೇಳಿದ್ದು ಕುಚೋದ್ಯಕ್ಕೆ. ಆದರೆ ರಸಾಯನಶಾಸ್ತ್ರದವನಿಗೆ ಪ್ರಶ್ನೆಯೊಂದು ತಲೆ ಹೊಕ್ಕರೆ ಉತ್ತರ ಸಿಗುವವರೆಗೆ ನಿದ್ದೆ ಬಾರದು. ಹಗಲು ನಟ್ಟು ಬೋಲ್ಟು ಬಿಚ್ಚುವುದು, ರಾತ್ರಿ ಪುಸ್ತಕ ಹುಡುಕುವುದು ಎಂದಾಯಿತು.

ಜಪಾನಿನ ಹಮಾಮತ್ಸು ಎಂಬ ಊರಿನಿಂದ ಶುರುಮಾಡೋಣ. ಅಲ್ಲಿ ಹಾರ್ಮೋನಿಯಂ ಜಾತಿಯ ಆರ್ಗನ್ನು, ಪಿಯಾನೋಗಳನ್ನು ಮಾಡುತ್ತಿದ್ದ ಕಂಪೆನಿಯೊಂದು 1955ರಲ್ಲಿ ಯಮಾಹಾ ಮೋಟಾರ್ ಎಂಬ ಕವಲನ್ನು ತೆರೆಯಿತು. ಗಾಡಿಯ ಟ್ಯಾಂಕಿನ ಮೇಲಿರುವ ಮೂರು ಕವೆಯ ಗುರುತು ಶ್ರುತಿ ಹಿಡಿಯುವ ಕಂಪನಕವೆಗಳದು. ನಾವು ಚಿಕ್ಕಂದಿನಲ್ಲಿ ಅದನ್ನು ತ್ರಿಶೂಲವೆಂದುಕೊಂಡಿದ್ದೆವು. ಅದೇ ವರ್ಷ ಹೊರಬಂದ ಅವರ ಮೊದಲ ಮೋಟಾರ್ ಸೈಕಲ್ ವೈಎ-1. ಜನ ಅದನ್ನು ಕೆಂಪು ಏರೋಪ್ಲೇನ್ ಚಿಟ್ಟೆ ಎಂಬರ್ಥದ ಹೆಸರಿನಿಂದ ಕರೆದರು. ಆದರೆ ಚಿಟ್ಟೆಯ ತವರು ಜಪಾನಲ್ಲ. ಜರ್ಮನಿಯ ಡಿಕೆಡಬ್ಲ್ಯು ಕಂಪೆನಿಯ ಆರ್‌ಟಿ 125 ಎಂಬ ಗಾಡಿಯನ್ನು ಮುಂದಿಟ್ಟುಕೊಂಡು ಅದನ್ನು ರೂಪಿಸಿದ್ದರು.

ಡಿಕೆಡಬ್ಲ್ಯು ಇದ್ದದ್ದು ಸ್ಯಾಕ್ಸನಿ ಪ್ರಾಂತದ ಚೋಪಾವ್ ಎಂಬ ಸಣ್ಣ ಪಟ್ಟಣದಲ್ಲಿ. ಎರಡು ಸ್ಟ್ರೋಕಿನ ಎಂಜಿನಿನ ಕಾಶಿ ಎಂದರೆ ಅದೇ. ಶ್ನೂರ್ಲೆ ಎಂಬ ಎಂಜಿನಿಯರು 1920ರ ದಶಕದಲ್ಲಿ ಒಂದು ಉಪಾಯ ಕಂಡುಹಿಡಿದ: ಸಿಲಿಂಡರಿನೊಳಕ್ಕೆ ಬರುವ ಹೊಸ ಮಿಶ್ರಣವನ್ನು ಓರೆಯಾಗಿ ನುಗ್ಗಿಸಿದರೆ ಅದು ಎದುರು ಗೋಡೆಗೆ ತಾಗಿ, ಮೇಲಕ್ಕೇರಿ, ಸುತ್ತಿ ಬಂದು ಹಳೆಯ ಹೊಗೆಯನ್ನು ಹೊರಗೆ ತಳ್ಳುತ್ತದೆ. ಒಲೆಯ ಬಾಯಿಗೆ ಊದುಕೊಳವೆಯನ್ನು ಓರೆಯಾಗಿ ಹಿಡಿದು ಊದಿದ ಅಜ್ಜಿಯರಿಗೆ ಇದು ಹೊಸ ವಿಷಯವಲ್ಲ. ಈ ಉಪಾಯದ ಹಕ್ಕನ್ನು ಡಿಕೆಡಬ್ಲ್ಯು ಪಡೆಯಿತು. 1939ರಲ್ಲಿ ಆರ್‌ಟಿ 125 ಬಂತು. ಯುದ್ಧದಲ್ಲಿ ಜರ್ಮನಿ ಸೋತಮೇಲೆ ಆ ಗಾಡಿಯ ನಕ್ಷೆ ಗೆದ್ದವರ ಸೊತ್ತಾಯಿತು. ಇಂಗ್ಲೆಂಡಿನಲ್ಲಿ ಬಿಎಸ್‌ಎ ಬ್ಯಾಂಟಮ್, ಅಮೆರಿಕದಲ್ಲಿ ಹಾರ್ಲೆಯ ಸಣ್ಣ ಗಾಡಿ, ರಷ್ಯದಲ್ಲಿ ಮಾಸ್ಕ್ವಾ, ಕೊನೆಗೆ ಜಪಾನಿನಲ್ಲಿ ವೈಎ-1, ಇವೆಲ್ಲ ಒಂದೇ ತಾಯಿಯ ಮಕ್ಕಳು.

ಸುಜುಕಿಯ ಕಥೆ ಇನ್ನೂ ಪತ್ತೇದಾರಿ ಕಾದಂಬರಿಯಂತಿದೆ. ಯುದ್ಧದ ನಂತರ ಚೋಪಾವ್ ಪೂರ್ವ ಜರ್ಮನಿಗೆ ಸೇರಿ, ಅಲ್ಲಿನ ಕಾರ್ಖಾನೆ ಎಂಝಡ್ ಎಂದಾಯಿತು. ಅಲ್ಲಿ ವಾಲ್ಟರ್ ಕಾಡನ್ ಎಂಬ ತಜ್ಞ, ಸೈಲೆನ್ಸರಿನ ಹೊಟ್ಟೆಯನ್ನು ಸರಿಯಾದ ಅಳತೆಗೆ ಉಬ್ಬಿಸಿ ತಗ್ಗಿಸಿದರೆ ಹೊಗೆಯ ಅಲೆಯೇ ಹಿಂತಿರುಗಿ ಬಂದು ತಪ್ಪಿಸಿಕೊಳ್ಳುತ್ತಿರುವ ಪೆಟ್ರೋಲನ್ನು ಒಳಕ್ಕೆ ನೂಕುವಂತೆ ಮಾಡಬಹುದೆಂದು ಸಾಧಿಸಿ ತೋರಿಸುತ್ತಿದ್ದ. ಅವನ ರೇಸ್ ಸವಾರ ಎರ್ನ್ಸ್ಟ್ ಡೆಗ್ನರ್ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ಅಲ್ಲಿಂದಲೇ ಪರಾರಿಯಾಗಿ ಸುಜುಕಿ ಸೇರಿದ. ಹೆಂಡತಿ ಮಕ್ಕಳೂ ಅದೇ ವಾರ ಗುಟ್ಟಾಗಿ ಗಡಿ ದಾಟಿದರು. ಮರುವರ್ಷ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಡೆಗ್ನರನಿಗೆ, ಸುಜುಕಿಯ ಮೇಲೆ. ಚೋಪಾವಿನ ವಿದ್ಯೆ ಹೀಗೆ ಒಮ್ಮೆ ನಕ್ಷೆಯಾಗಿ, ಒಮ್ಮೆ ಮನುಷ್ಯನ ತಲೆಯೊಳಗೆ ಕುಳಿತು ಜಪಾನಿಗೆ ಹೋಯಿತು.

ಇಷ್ಟು ಓದಿದವರು ಮೈಸೂರಿಗೂ ಇದಕ್ಕೂ ಏನು ಸಂಬಂಧವೆನ್ನಬಹುದು. ಸಂಬಂಧವಿದೆ. ಚೋಪಾವಿನ ನೆರೆಯಲ್ಲೇ ಕೆಮ್ನಿಟ್ಸ್ ಎಂಬ ಊರು. ಅಲ್ಲಿನ ವಾಂಡರರ್ ಕಂಪೆನಿ 1929ರಲ್ಲಿ ತನ್ನ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಪ್ರಾಗ್ ನಗರದ ಯಾನೆಚೆಕ್ ಎಂಬ ಆಯುಧ ತಯಾರಕನಿಗೆ ಮಾರಿತು. ಯಾನೆಚೆಕ್‌ನ ಮೊದಲೆರಡು ಅಕ್ಷರ, ವಾಂಡರರಿನ ಮೊದಲೆರಡು ಅಕ್ಷರ ಕೂಡಿಸಿದರೆ ಜಾವಾ! ಮುಂದೆ 1932ರಲ್ಲಿ ವಾಂಡರರಿನ ಕಾರು ವಿಭಾಗವೂ ಡಿಕೆಡಬ್ಲ್ಯುವೂ ಆಟೋ ಯೂನಿಯನ್ ಎಂಬ ಒಂದೇ ಮನೆಯ ಸೊಸೆಯರಾದರು. ಜಾವಾ ಎಂದರೆ ಇಂಡೊನೇಷ್ಯದ ದ್ವೀಪವೆಂದು ತಿಳಿದ ಮೈಸೂರಿಗರನ್ನು ನಾನೇ ಬಲ್ಲೆ.

ಆ ಜಾವಾವನ್ನು ಮೈಸೂರಿಗೆ ತಂದವರು ಮುಂಬಯಿಯ ಇರಾನಿ ಕುಟುಂಬದವರು: ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. ಐಡಿಯಲ್ ಜಾವಾ ಸ್ಥಾಪನೆಯಾದದ್ದು 1960ರಲ್ಲಿ. ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಬರತೊಡಗಿದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರಿಂದಲೇ ಕಾರ್ಖಾನೆಯ ಉದ್ಘಾಟನೆ. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಅದು ಇರಾನಿನ ಯಜ್ದ್ ನಗರದ ನೆನಪಿನ ಹೆಸರು. ಒಂದು ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರನ್ನೇ ಮುಂದಕ್ಕೆ ಮಡಚಿದರೆ ಗೇರಿನ ಲಿವರು! ಇಂಥ ಜಾಣತನ ನಾನು ಬೇರೆ ಗಾಡಿಯಲ್ಲಿ ಕಂಡಿಲ್ಲ. ಪರವಾನಗಿ ಕಾಲದ ದೇಶದಲ್ಲಿ ಬುಕ್ ಮಾಡಿ ಕಾಯುವುದೇ ಗ್ರಾಹಕನ ಕೆಲಸವಾಗಿದ್ದಾಗ, ಮೈಸೂರಿನಲ್ಲೇ ತಯಾರಾಗುವ ಗಾಡಿ ಎಂಬ ಅಭಿಮಾನ ಊರಿಗೆಲ್ಲ ಇತ್ತು.

ನನ್ನ ಗೆಳೆಯನ ತಂದೆ ಆ ಕಾರ್ಖಾನೆಯಲ್ಲಿದ್ದವರು. ಎಂಜಿನ್ ಜೋಡಣೆಯ ವಿಭಾಗ. ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಇದ್ದರು. ಮಗ ಮನೆಗೆ ತಂದ ಹಳೆಯ ಗಾಡಿ ಯಮಾಹಾ ಎಂದು ತಿಳಿದಾಗ ಅವರೇನೂ ಆಡಲಿಲ್ಲವಂತೆ. ನಾನು ಹೋದಮೇಲೂ ಮೊದಲ ವಾರವೆಲ್ಲ "ಕಾಫಿ ಆಯ್ತೇನಪ್ಪಾ" ಎಂದು ಹಿತ್ತಲ ಬಾಗಿಲಿನಿಂದಲೇ ಕೇಳಿ ಒಳಗೆ ಹೋಗುತ್ತಿದ್ದರು. ಶೆಡ್ಡಿಗೆ ಕಾಲಿಡಲಿಲ್ಲ.

ಅವರ ಮೌನಕ್ಕೆ ಕಾರಣ ಇತಿಹಾಸದಲ್ಲಿದೆ. 1980ರ ದಶಕದ ಆರಂಭದಲ್ಲಿ ಸರ್ಕಾರ ವಿದೇಶೀ ಸಹಯೋಗಕ್ಕೆ ಬಾಗಿಲು ಸಡಿಲಿಸಿತು. ಮೊದಲು ಬಂದದ್ದು 1983ರಲ್ಲಿ ಎಸ್ಕಾರ್ಟ್ಸ್‌ನವರ ರಾಜದೂತ್ 350. ಯಮಾಹಾದ ಆರ್‌ಡಿ 350 ಗಾಡಿಯ ಭಾರತೀಯ ರೂಪ. ಆರು ಗೇರು, ಚಿರತೆಯ ಓಟ, ಪೆಟ್ರೋಲು ಮಾತ್ರ ಆನೆಯ ಹೊಟ್ಟೆಗೆ ಹಾಕಿದಂತೆ. ಜನ ಬೆರಗಾದರು, ಕೊಂಡವರು ಸ್ವಲ್ಪ. ನಿಜವಾದ ಅಲೆ ಎದ್ದದ್ದು ಮರುವರ್ಷ, ಅದೂ ನಮ್ಮ ಪಕ್ಕದಲ್ಲೇ. ಬೆಂಗಳೂರಿಗೆ 40 ಕಿಲೋಮೀಟರ್ ದೂರದ ಹೊಸೂರು ತಮಿಳುನಾಡಿಗೆ ಸೇರಿದ್ದರೂ ಕನ್ನಡ ಕಿವಿಗೆ ಬೀಳುವ ಊರು, ಹೆಸರೇ ಹೇಳುತ್ತದಲ್ಲ. ಅಲ್ಲಿ ಟಿವಿಎಸ್ ಮನೆತನದವರು 1984ರಲ್ಲಿ ಇಂಡ್-ಸುಜುಕಿ 100 ಸಿಸಿ ಗಾಡಿಯನ್ನು ಹೊರತಂದರು. 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷ ನಮ್ಮ ಆರ್‌ಎಕ್ಸ್ 100, 1986ರಲ್ಲಿ ಬಜಾಜಿನ ಕವಾಸಾಕಿ. ಎರಡೇ ವರ್ಷದಲ್ಲಿ ಜಪಾನಿನ ನಾಲ್ಕೂ ಮನೆಗಳು ಭಾರತದ ರಸ್ತೆಗಿಳಿದವು.

ಯೆಜ್ಡಿಯ ಹೆಚ್ಚಿನ ಮಾದರಿಗಳಿಗೆ ಪೆಟ್ರೋಲಿನ ಜೊತೆ ಅಳೆದು ಎಣ್ಣೆ ಬೆರೆಸಿ ಹುಯ್ಯಬೇಕಿತ್ತು. ಬಂಕಿನ ಹುಡುಗನ ಕೈ ಧಾರಾಳವಾದರೆ ಹಿಂದೆ ಹೊಗೆಯ ಮೋಡ, ಕೈ ಬಿಗಿಯಾದರೆ ಪಿಸ್ಟನ್ ಜಾಮ್. ಯಮಾಹಾ 1964ರಲ್ಲೇ ಎಣ್ಣೆಗೆ ಬೇರೆ ಡಬ್ಬಿ, ಬೇರೆ ಪಂಪು ಇಟ್ಟು, ಎಕ್ಸಲರೇಟರ್ ತಿರುಗಿಸಿದಷ್ಟೇ ಎಣ್ಣೆ ಹೋಗುವಂತೆ ಮಾಡಿತ್ತು. ಆದರೂ ಜಪಾನಿನವರು ಬಂದರು, ಮೈಸೂರು ಮುಚ್ಚಿತು ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೂವತ್ತೈದು ವರ್ಷ ಮೂಲ ಎಂಜಿನಿನ ಸ್ವರೂಪ ಹೆಚ್ಚು ಬದಲಾಗದೆ ಉಳಿದದ್ದೂ ಒಂದು ಕಾರಣ. ಇನ್ನೊಂದು ಕಾರಣ ನನ್ನ ಶಾಸ್ತ್ರಕ್ಕೆ ಸೇರಿದ್ದು.

ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಹೊಗೆ ಹೋಗುವ ಕಿಂಡಿ, ಹೊಸ ಮಿಶ್ರಣ ಬರುವ ಕಿಂಡಿ ಎರಡೂ ಒಂದು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಬಂದ ಅತಿಥಿಯನ್ನು ಹಿತ್ತಲ ಬಾಗಿಲಿನಿಂದ ಕಳಿಸಿದಂತೆ ಸುಮಾರು ಕಾಲು ಭಾಗ ಪೆಟ್ರೋಲು, ಕೆಲವೊಮ್ಮೆ ಇನ್ನೂ ಹೆಚ್ಚು, ಉರಿಯದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಅರೆಬೆಂದ ಎಣ್ಣೆ. ಆರ್‌ಎಕ್ಸ್ 100ರ ಹಿಂದೆ ಬರುವ ಆ ಸಿಹಿವಾಸನೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರು ತಾವು ನೆನೆಯುತ್ತಿರುವುದು ಉರಿಯದ ಹೈಡ್ರೋಕಾರ್ಬನ್ನು ಎಂಬುದನ್ನು ತಿಳಿದಿರಲಿ. ಭಾರತದಲ್ಲಿ ಹೊಗೆಯ ಮಿತಿ 1991ರಲ್ಲಿ ಬಂತು, 1996ರಲ್ಲಿ ಬಿಗಿಯಾಯಿತು, 2000ದಲ್ಲಿ ಇನ್ನೂ ಬಿಗಿಯಾಯಿತು. 1996ರಲ್ಲೇ ಯೆಜ್ಡಿಯ ಕಾರ್ಖಾನೆಯೂ ಮುಚ್ಚಿತು, ಆರ್‌ಎಕ್ಸ್ 100 ಕೂಡ ನಿಂತಿತು. ಗೆದ್ದದ್ದು ಆ ನಾಲ್ವರಲ್ಲಿ ನಾಲ್ಕು ಸ್ಟ್ರೋಕಿನದಾಗಿದ್ದ ಒಂದೇ ಗಾಡಿ, ಹೋಂಡಾ. ಸ್ಯಾಕ್ಸನಿಯ ವಂಶದವರೆಲ್ಲ ಒಟ್ಟಿಗೆ ಸೋತರು. ಹೊಸೂರಿನ ಸುಜುಕಿ ಸಂಬಂಧವೂ 2001ರಲ್ಲಿ ಮುಗಿಯಿತು.

ಶೆಡ್ಡಿಗೆ ಮರಳೋಣ. ಟ್ಯಾಂಕಿನ ಮೇಲೆ ನೀರು ಹಾಕಿ ಉಪ್ಪುಕಾಗದ ಉಜ್ಜುತ್ತಾ ಹೋದರೆ ಮೇಲೆ ಕಪ್ಪು, ಅದರಡಿ ನೀಲಿ, ಅದರಡಿ ಪುಟ್ಟಿ, ಕೊನೆಗೆ ಕೆಂಪು. ಸಿಲಿಂಡರನ್ನು ಅಳೆದಾಗ ಮೂರು ಸಲ ಬೋರ್ ಮಾಡಿಸಿದ ಲೆಕ್ಕ ಸಿಕ್ಕಿತು. ಪ್ರತಿ ಸಲವೂ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್. ಆರಂಭದ ವರ್ಷಗಳ ಗಾಡಿಗಳಲ್ಲಿ ಜಪಾನಿನಿಂದಲೇ ಬಂದ ಭಾಗಗಳಿರುತ್ತಿದ್ದವು. ನಮ್ಮದರಲ್ಲಿ ಕೆಲವಕ್ಕೆ ಜಪಾನಿನ ಅಚ್ಚಿತ್ತು, ಕೆಲವಕ್ಕೆ ಭಾರತದ್ದು, ಕೆಲವಕ್ಕೆ ಯಾರದೂ ಇಲ್ಲ. ಸೈಡ್ ಸ್ಟ್ಯಾಂಡು ಕಬ್ಬಿಣದ ಸರಳನ್ನು ಬಗ್ಗಿಸಿ ಯಾವನೋ ಕುಲುಮೆಯವನು ಮಾಡಿದ್ದು. ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಅದನ್ನು ಬಿಸಾಡಲು ನನಗೂ ಮನಸ್ಸಾಗಲಿಲ್ಲ.

ತುಕ್ಕಿನ ವಿಷಯ ಬಂದಾಗ ನನಗೆ ಅಧಿಕಾರ ಸಿಕ್ಕಿತು. ಗ್ಯಾರೇಜುಗಳಲ್ಲಿ ಟ್ಯಾಂಕಿನೊಳಕ್ಕೆ ಬಚ್ಚಲು ತೊಳೆಯುವ ಆಸಿಡ್ ಹುಯ್ಯುವ ಅಭ್ಯಾಸವುಂಟು. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕು ಮುಗಿದಮೇಲೆ ತಗಡನ್ನೇ ತಿನ್ನುತ್ತದೆ, ಉಳಿದ ಕ್ಲೋರೈಡು ಮಳೆಗಾಲಕ್ಕೆ ಮೊದಲೇ ಹೊಸ ತುಕ್ಕನ್ನು ಕರೆತರುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಾಕಿ ಬೆಳಗುವ ನಮ್ಮ ತಾಯಂದಿರ ರಸಾಯನಶಾಸ್ತ್ರವೇ ಇಲ್ಲಿ ವಾಸಿ. ಹುಣಸೆಯ ಟಾರ್ಟಾರಿಕ್ ಆಮ್ಲವೂ ಅಡುಗೆಮನೆಯ ನಿಂಬೆ ಉಪ್ಪಾದ ಸಿಟ್ರಿಕ್ ಆಮ್ಲವೂ ತುಕ್ಕಿನ ಕಬ್ಬಿಣವನ್ನು ಇಕ್ಕಳದಂತೆ ಹಿಡಿದು ನೀರಿಗೆ ಎಳೆಯುತ್ತವೆ, ತಗಡಿನ ಮೇಲೆ ಸಿಟ್ಟು ಕಡಿಮೆ. ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ ಒಂದು ರಾತ್ರಿ ಬಿಟ್ಟು, ವಾಷಿಂಗ್ ಸೋಡಾದಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಡಮಾಡದೆ ಎಣ್ಣೆ ಸವರಿದೆವು. ದಹ್ರಾನಿನ ಉಪ್ಪುಗಾಳಿಯಲ್ಲಿ ಕಾರಿನ ತಳ ಕಳೆದುಕೊಂಡ ಸದಸ್ಯರಿಗೂ ತುಕ್ಕು ಬಿಡಿಸಲು ಇದು ಉಪಯೋಗಕ್ಕೆ ಬರಬಹುದು. ಪೆಟ್ರೋಲಿನ ರಬ್ಬರ್ ಕೊಳವೆ, ಕಾರ್ಬುರೇಟರಿನ ಸೀಲುಗಳನ್ನು ಪೂರ್ತಿ ಬದಲಿಸಿ ವೈಟಾನಿನವನ್ನು ಹಾಕಿದೆವು. ಊರಿನ ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. 1987ರ ರಬ್ಬರು ಅದನ್ನು ಕಂಡದ್ದಿಲ್ಲ. ಬಾಕಿ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿದ್ದು ಎರಡು ದಿನ. ಅಲ್ಲಿ "ಒರಿಜಿನಲ್" ಎಂಬ ಪದಕ್ಕೆ ಅಂಗಡಿಗೊಂದು ಅರ್ಥ.

ಇಷ್ಟೆಲ್ಲ ಜೋಡಿಸಿದಮೇಲೂ ಒಂದು ಸಂಜೆ ಗಾಡಿ ಸ್ಟಾರ್ಟ್ ಆಗಲೊಲ್ಲದು. ಸರದಿಯ ಮೇಲೆ ಕಿಕ್ ಹೊಡೆದು ಇಬ್ಬರೂ ಸುಸ್ತಾದೆವು. ಆಗ ಹಿರಿಯರು ಬಂದರು. ಮಾತಿಲ್ಲದೆ ಕುಕ್ಕರುಗಾಲಿನಲ್ಲಿ ಕೂತು ಮ್ಯಾಗ್ನೆಟ್ಟಿನ ಮುಚ್ಚಳ ತೆಗೆಸಿ, ಪಾಯಿಂಟ್ ನೋಡಿ, ಉಪ್ಪುಕಾಗದದ ಚೂರಿನಲ್ಲಿ ಎರಡು ಸಲ ಎಳೆದು, ಫೀಲರ್ ಹಾಳೆ ಇಟ್ಟು ಸ್ಕ್ರೂ ಬಿಗಿದರು. ಎರಡನೆಯ ಕಿಕ್ಕಿಗೆ ಗಾಡಿ ಹೊಗೆಯುಗುಳಿ ಎದ್ದಿತು. ಅವರು ತಲೆ ಓರೆಮಾಡಿ ಸ್ವಲ್ಪ ಹೊತ್ತು ಶಬ್ದ ಕೇಳಿದರು. "ನಮ್ದೂ ಇದೂ ಒಂದೇ ಜಾತಿ ಕಣಯ್ಯ. ಹೊಟ್ಟೆ ಒಳಗೆ ಬೇರೆ ಏನೂ ಇಲ್ಲ" ಎಂದರು. ವಾಂಡರರ್, ಡಿಕೆಡಬ್ಲ್ಯು, ಡೆಗ್ನರ್ ಎಂದು ನಾನು ರಾತ್ರಿಯೆಲ್ಲ ಓದಿದ್ದನ್ನು ಅವರಿಗೆ ಹೇಳಿದೆ. ಕೇಳಿಸಿಕೊಂಡು, "ಅಂದ್ರೆ ದಾಯಾದಿಗಳು ಅನ್ನು" ಎಂದರು. ಮಾರನೆಯ ದಿನದಿಂದ ಶೆಡ್ಡಿನಲ್ಲಿ ಮೂರು ಲೋಟ ಕಾಫಿ.

ಇನ್ನು ನಮ್ಮ ಜಗಳ. ಇತಿಹಾಸವೆಲ್ಲ ಗೆಳೆಯನ ಪರವಾಗಿಯೇ ಇತ್ತೆಂದು ಒಪ್ಪಬೇಕು. ಒಬ್ಬರ ಗಾಡಿಯನ್ನು ಇನ್ನೊಬ್ಬರು ತಿದ್ದಿದ್ದರಿಂದಲೇ ಯಮಾಹಾ ಹುಟ್ಟಿತು, ಜಾವಾ ಹುಟ್ಟಿತು. ಆದರೆ ನನ್ನ ವಾದಕ್ಕೂ ಬೆಲೆಯಿದೆ: ಚೋಪಾವಿನ ಎಂಜಿನಿಯರರು ಗಾಡಿಯನ್ನು ತಿದ್ದಿ ಸಾವಿರಗಟ್ಟಲೆ ಮಾಡಿದರು, ನಾವು ಕತ್ತರಿಸಿದರೆ ಇರುವುದೊಂದೂ ಹೋಯಿತು. ಇಲ್ಲಿ ದಹ್ರಾನಿನಲ್ಲಿ 1938ರಲ್ಲಿ ಎಣ್ಣೆ ಚಿಮ್ಮಿದ ದಮ್ಮಾಮ್ 7ನೇ ಬಾವಿಯನ್ನು, 1982ರಲ್ಲಿ ಅದರ ಕೆಲಸ ಮುಗಿದಮೇಲೂ, ಹಾಗೆಯೇ ಉಳಿಸಿಕೊಂಡಿದ್ದಾರೆ. ನಾನು ಈ ಉದಾಹರಣೆ ಕೊಟ್ಟಾಗ ಗೆಳೆಯ, "ಬಾವಿ ಮೇಲೆ ಕೂತು ಚಾಮುಂಡಿಬೆಟ್ಟ ಹತ್ತಬೇಕಾಗಿಲ್ಲವಲ್ಲ" ಎಂದ. ಅದೂ ಸರಿಯೇ. ನಿಂತಿರುವ ವಸ್ತುವನ್ನು ಕಾಪಾಡುವುದು ಬೇರೆ, ಓಡಬೇಕಾದ್ದನ್ನು ಕಾಪಾಡುವುದು ಬೇರೆ.

ಕೊನೆಗೆ ತೀರ್ಪು ಕೊಟ್ಟದ್ದು ಆರ್.ಸಿ. ಪುಸ್ತಕ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನು ಖಚಿತಪಡಿಸಿತು. 2021ರ ನಿಯಮದಂತೆ ವಿಂಟೇಜ್ ಎಂಬ ರಿಯಾಯಿತಿ ಸಿಗಬೇಕಾದರೆ 50 ವರ್ಷ ದಾಟಿರಬೇಕು. ಅತಿ ಹಳೆಯ ಆರ್‌ಎಕ್ಸ್ 100 ಗಾಡಿಗೂ ಆ ಭಾಗ್ಯ 2035ಕ್ಕೆ. ಹದಿನೈದು ವರ್ಷ ಮೀರಿದ್ದಕ್ಕೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ನವೀಕರಣ. ನಮ್ಮ ಪುಸ್ತಕದಲ್ಲಿ ಬಣ್ಣ "ಕೆಂಪು" ಎಂದಿತ್ತು. ನೀಲಿ ಬಳಿದವರೂ ಕಪ್ಪು ಬಳಿದವರೂ ಬರೆಸಿರಲಿಲ್ಲ. ಕೆಂಪನ್ನೇ ಹೊಡೆಸಿದೆವು. ಮಡ್‌ಗಾರ್ಡು ಉಳಿಯಿತು, ಸೈಲೆನ್ಸರು ಮೂಲದ್ದೇ, ಕುಲುಮೆಯ ಸೈಡ್ ಸ್ಟ್ಯಾಂಡು ಹಾಗೆಯೇ ಇದೆ. ಹ್ಯಾಂಡಲ್ಲಿನ ಹಿಡಿಗಳನ್ನು ಮಾತ್ರ ಗೆಳೆಯ ತನ್ನಿಷ್ಟದ್ದು ಹಾಕಿಕೊಂಡ.

ನಾನು ಇತ್ತ ಹಿಂತಿರುಗಿದಮೇಲೆ ತಪಾಸಣೆ ನಡೆದು, ಎಂಜಿನ್ ನಂಬರು, ಚಾಸಿಸ್ ನಂಬರು ತಾಳೆಯಾಗಿ, ಐದು ವರ್ಷಕ್ಕೆ ನವೀಕರಣ ದೊರೆತಿದೆ. ತಂದೆ ಮಗ ಇಬ್ಬರೂ ಈಗ ಯೆಜ್ಡಿಯೊಂದನ್ನು ಹುಡುಕುತ್ತಿದ್ದಾರೆ. ಹಿರಿಯರ ಶರತ್ತು ಒಂದೇ: ಎಂಜಿನ್ನು ಯಾರೂ ಬಿಚ್ಚಿರಬಾರದು, ಮೊದಲು ತಾವೇ ಬಿಚ್ಚಬೇಕು. ಅಂಥದ್ದು ಸಿಗುವುದು ಕಷ್ಟ. ಊರಿನಲ್ಲಿ ಯಾರದಾದರೂ ಮನೆಯ ಹಿತ್ತಲಿನಲ್ಲಿ ಗೋಣಿತಾಟಿನಡಿ ಒಂದು ನಿಂತಿರುವುದು ಸದಸ್ಯರಿಗೆ ಗೊತ್ತಿದ್ದರೆ ಶುಕ್ರವಾರ ಸಂಜೆಯ ಸಭೆಯಲ್ಲಿ ನನಗೆ ತಿಳಿಸಿರಿ.